ಬೆಳ್ಳುಳ್ಳಿ ಬಿತ್ತನೆಗೆ

ತಾಳವಾಡಿಯಿಂದ ಊಟಿಗೆ,
ತಮಿಳುನಾಡಿಂದ ತಮಿಳುನಾಡಿಗೆ ಹೋಗಬೇಕಾದರೆ
ನಡುವೆ ಕರ್ನಾಟಕ ಅಡ್ಡ ಮಲಗಿದೆ.
ಗೇಟು ಬಂದಾಗಲೆಲ್ಲ ಅದೇ ಪ್ರಶ್ನೆ, ಎರಡು ಭಾಷೆಯಲ್ಲಿ:
ಗಾಡೀಲಿ ಏನಿದೆ?
ಖಾಲಿ ಗೋಣಿ, ಅಂದ ನನ್ನ ತಮ್ಮ ಶಿವಮಲ್ಲು.
ಅವತ್ತು ಅವನ ಬಾಯಿಂದ ಬಂದದ್ದು ಅಷ್ಟೇ,
ಅದೂ ನನಗಲ್ಲ, ಗಾರ್ಡಿಗೆ.

ಎರಡು ವರ್ಷವಾಯ್ತು ನಾವು ಮಾತು ಬಿಟ್ಟು.
ಬಾವಿ ಹೊಲದ ಬದು, ಒಂದೂವರೆ ಗಜ.
ಬೇರೆ ಗಾಡಿ ಸಿಗಲಿಲ್ಲ ನನಗೆ,
ಬೇರೆ ಬಾಡಿಗೆ ಸಿಗಲಿಲ್ಲ ಅವನಿಗೆ.

ಕಲ್ಲಟ್ಟಿಯ ಮೂವತ್ತಾರು ತಿರುವು,
ತಿರುವಿಗೊಂದು ಹಲಗೆ, ಹಲಗೆಗೊಂದು ನಂಬರು.
ಹನ್ನೊಂದರಲ್ಲಿ ನನಗೆ ಕಿವಿ ಕಟ್ಟಿತು.
ಹತ್ತೊಂಬತ್ತರಲ್ಲಿ ಅವನು ಗಾಜು ಏರಿಸಿದ.
ಆಮೇಲೆ ಎಣಿಸಲಿಲ್ಲ. ಮರಗಳೇ ಬೇರೆಯಾದವು,
ಉದ್ದಕ್ಕೆ, ತೊಗಟೆ ಸುಲಿದುಕೊಂಡು,
ನೆಗಡಿಗೆ ಹಚ್ಚುವ ಎಣ್ಣೆಯ ವಾಸನೆ.

ಕಾರ್ತಿಕ ಮುಗಿಯುತ್ತಿತ್ತು.
ದಾರಿ ಬದಿಯ ಎಳೆ ಚಹಾ ಗಿಡಗಳಿಗೆ
ಯಾರೋ ಒಣ ಜರೀಗಿಡ ಹೊದಿಸಿ ಹೋಗಿದ್ದರು.
ಚಹಾದಂಗಡಿಯವನು ಕೈ ಉಜ್ಜುತ್ತಾ ‘ಪನಿ’ ಅಂದ.
ನಮ್ಮೂರಲ್ಲಿ ಹನಿ ಅಂದರೆ ಸೂರಿಂದ ತೊಟ್ಟಿಕ್ಕುವುದು,
ಬಿದ್ದು ಹೋಗುವುದು.
ಇಲ್ಲಿ ಅದೇ ಮಾತು
ಬಿದ್ದ ಜಾಗದಲ್ಲೇ ಕೂತು ಗಟ್ಟಿಯಾಗಿದೆ.

ಬೀಜ ಇದ್ದದ್ದು ಮೇಲಿನ ಹಟ್ಟಿಯ ಬೆಳ್ಳಿಯ ಹತ್ತಿರ.
ಬೆಳ್ಳಿ ಅಂದರೆ ಅಲ್ಲಿ ಗಂಡಸಿನ ಹೆಸರು.
ಮೀಸೆ ಇದೆ, ಉಣ್ಣೆ ಟೋಪಿ ಇದೆ, ದರದಲ್ಲಿ ದಯೆ ಇಲ್ಲ.
ಅಟ್ಟದ ಹೊಗೆಯಿಂದ ಗೊಂಚಲು ಇಳಿಸಿ ಮುನ್ನೂರು ಅಂದ.
ಇನ್ನೂರ ಇಪ್ಪತ್ತು ಅಂದೆ ನಾನು.
ಹೀಗೇ ಎಳೆದಾಡುತ್ತಾ ಕತ್ತಲಾಗಿ, ಕಾಡಿನ ಗೇಟು ಮುಚ್ಚಿತು.
ಅವನ ಹೆತ್ತೆ, ಮಾಸಿ,
ಬಿಳಿ ಬಟ್ಟೆಯನ್ನು ತೋಳಿನ ಕೆಳಗೆ ಬಿಗಿದುಟ್ಟವಳು,
ಒಲೆಯ ಹತ್ತಿರಕ್ಕೆ ಎರಡು ಮಣೆ ತಳ್ಳಿದಳು.
ಅವಳ ಮಾತು ಅರ್ಧ ನಮ್ಮಜ್ಜಿಯದು,
ಇನ್ನರ್ಧ ಗಾಳಿಗೆ ಹೋಯಿತು.
ಅಕ್ಕತಮ್ಮನಾ ಎಂದು ಕೇಳಿದ್ದು ಮಾತ್ರ ಪೂರ್ತಿ ತಿಳಿಯಿತು.
ಇಬ್ಬರೂ ಬೆಂಕಿ ನೋಡಿದೆವು.

ಮೂರು ಕಂಬಳಿಗೂ ಸಾಲದ ರಾತ್ರಿ.
ನಾಲ್ಕೂವರೆಗೆ ಬಾಗಿಲ ಸದ್ದು.
ಹೆತ್ತೆ ಟಾರ್ಚು ಹಿಡಿದು ಹೊಲಕ್ಕೆ ಇಳಿಯುತ್ತಿದ್ದಳು,
ಹಿಂದೆ ಬೆಳ್ಳಿ,
ಅವನ ಹಿಂದೆ, ಹವಾಯಿ ಚಪ್ಪಲಿಯಲ್ಲಿ, ಶಿವಮಲ್ಲು.
ಬೆಳ್ಳುಳ್ಳಿ ಎಳೆಗಳ ಮೇಲೆ ಉಪ್ಪು ಚೆಲ್ಲಿದ ಹಾಗೆ.
ಮುಟ್ಟಿದೆ. ಬೆರಳು ನನ್ನವಲ್ಲ ಅನ್ನಿಸಿತು.
ನೀರು ಹಾಕಬೇಕಂತೆ, ಬಿಸಿಲು ಬರುವುದರೊಳಗೆ.
ಇಂಥ ಚಳಿಗೆ ತಣ್ಣೀರಾ?
ಬೆಳ್ಳಿ ಬಿಡಿಸಿ ಹೇಳಿದ:
ಹೆಪ್ಪು ಎಲೆಯನ್ನ ಸುಡೋದಿಲ್ಲಮ್ಮಾ.
ಹೆಪ್ಪಿನ ಮೇಲೆ ದಡಕ್ಕನೆ ಬೀಳೋ ಬಿಸಿಲು ಸುಡುತ್ತೆ.
ಮೊದಲು ನೀರಲ್ಲಿ, ನಿಧಾನವಾಗಿ, ಬಿಡಿಸಬೇಕು.

ತೊಟ್ಟಿಯಿಂದ ಕೊಡ ಕೈಯಿಂದ ಕೈಗೆ.
ಸಾಲಿನಲ್ಲಿ ನನಗಿಂತ ಮುಂಚೆ ನಿಂತವನು ತಮ್ಮನೇ.
ಕೊಟ್ಟ, ತಗೊಂಡೆ. ಕೊಟ್ಟ, ತಗೊಂಡೆ.
ಒಮ್ಮೆ ತುಳುಕಿ ಅವನ ಪಾದದ ಮೇಲೆ ಬಿತ್ತು.
ಹಾ ಅಂದ. ನನಗೆ ನಗು ಬಂತು, ನುಂಗಿದೆ.
ಸೂರ್ಯ ಗುಡ್ಡದ ಹೆಗಲಿಗೆ ಬಂದಾಗ
ಎಲೆಗಳು ಬರೀ ಒದ್ದೆಯಾಗಿದ್ದವು.
ಮೂಲೆಯ ಎರಡು ಸಾಲಿಗೆ ನೀರು ಮುಟ್ಟಿರಲಿಲ್ಲ.
ನಾವು ಮೂಟೆ ಕಟ್ಟುವ ಹೊತ್ತಿಗೆ
ಅವು ಬೆಂದ ಸೊಪ್ಪಿನ ಹಾಗೆ ಮಲಗಿದ್ದವು.

ದರ ಇನ್ನೂರ ಅರವತ್ತಕ್ಕೆ ನಿಂತಿತು.
ಹೆತ್ತೆ ಎರಡು ಗಡ್ಡೆ ಜಾಸ್ತಿ ಹಾಕಿದಳು,
ಒಂದು ನನ್ನ ಮಡಿಲಿಗೆ, ಒಂದು ಅವನ ಜೇಬಿಗೆ.

ಏರಲು ಬಿಟ್ಟ ದಾರಿಯಲ್ಲಿ ಇಳಿಯಲು ಬಿಡುವುದಿಲ್ಲ ಅಲ್ಲಿ.
ಗೂಡಲೂರು ಸುತ್ತಿ ಬರಬೇಕು, ದೂರ.
ಗಾಜು ಇಳಿಸಿದೆವು. ಶಾಲು ಬಿಚ್ಚಿದೆ.
ಗಾಡಿ ತುಂಬ ಬೆಳ್ಳುಳ್ಳಿ ಘಾಟು.

ಗೇಟಿನಲ್ಲಿ ಮತ್ತದೇ: ಗಾಡೀಲಿ ಏನಿದೆ?
ಬಿತ್ತನೆ ಬೆಳ್ಳುಳ್ಳಿ, ಅಂದ ಶಿವಮಲ್ಲು.
ಆಮೇಲೆ, ಕನ್ನಡಿ ನೋಡುತ್ತಾ, ಗಾರ್ಡಿಗಲ್ಲ:
ಕಾಲು ಇನ್ನೂ ಮರಗಟ್ಟದೆ ಕಣಕ್ಕ.

ನಾನು ಏನೂ ಅನ್ನಲಿಲ್ಲ.
ನೀರಿನ ಬಾಟಲಿಯನ್ನು
ಅವನ ಕಡೆಗೆ ಸರಿಸಿದೆ.